ಗಂಟು

ಅಪ್ಪನ ಹೆಗಲ ಹಿಂದೆ ಒಂದು ಗಂಟಿತ್ತು,
ಅಡಿಕೆಗಿಂತ ದೊಡ್ಡದು, ನಿಂಬೆಗಿಂತ ಚಿಕ್ಕದು.
ಮಸ್ಜಿದ್ ಬಂದರಿನ ಬೆಲ್ಲದ ವಖಾರಿಯಲ್ಲಿ
ಮೂವತ್ತೊಂದು ವರ್ಷ ಮೂಟೆ ಹೊತ್ತವನಿಗೆ
ಅದು ಹಮಾಲಿಯ ಮುದ್ರೆಯೆಂದೇ ಎಲ್ಲರೂ ತಿಳಿದಿದ್ದರು.
ಅವನೂ.
"ಮೂಟಿ ಜಾರಬಾರದಂತ ದೇವರು ಬಡಿದ ಗೂಟ" ಅನ್ನುತ್ತ
ಅದರ ಮೇಲೇ ಟವೆಲು ಹಾಕುತ್ತಿದ್ದ.

ಮೊಣಕಾಲಿನ ಪಕ್ಕ ಇನ್ನೆರಡಿದ್ದವು.
ಮೊಣಕಾಲಿನ ಮೇಲೆ ಯಾರು ಮೂಟೆ ಹೊರುತ್ತಾರೆ?
ಯಾರೂ ಕೇಳಲಿಲ್ಲ.

ಇವತ್ತು ಪರೇಲಿನ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ
ಕೇತಕಿ ಮೇಡಂ ಬಿಳಿ ಹಾಳೆಯ ಮೇಲೆ ನಮ್ಮ ಮನೆತನ ಬರೆದರು.
ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ.
ಸೊನ್ನೆಯೇ ಯಾಕೆ, ಎಂದೆ.
ಸೊನ್ನೆಯಲ್ಲ, ವರ್ತುಳ, ಎಂದು ನಕ್ಕರು.

ಮೊದಲು ಆರೂಢನ ಚೌಕಕ್ಕೆ ಕಪ್ಪು.
ಏಳು ವರ್ಷ. ಬಲ ಮುಂಗೈ ಬಿಲ್ಲಿನ ಹಾಗೆ ಬಾಗಿ
ಪ್ರಸಾದಕ್ಕೂ ಅಂಗೈ ಪೂರ್ತಿ ಮೇಲಾಗದು;
ಪೂಜಾರಿ ಅವನಿಗೆ ಬೈದಿದ್ದ.
ಆಮೇಲೆ ನನ್ನ ವರ್ತುಳ.
ಇಪ್ಪತ್ತು ವರ್ಷ ಸೀರೆಯೊಳಗೆ ಮುಚ್ಚಿಟ್ಟದ್ದನ್ನು
ಪೆನ್ನು ಎರಡು ಸೆಕೆಂಡಿನಲ್ಲಿ ತುಂಬಿತು.
ಮೇಲೆ ಅಪ್ಪ. ಮಲಕಪ್ಪ, ಎಂದೆ,
ಮರಾಠಿಯಲ್ಲಿ ಬರೆದುಕೊಂಡರು.
ಚೌಕದ ಮೇಲೊಂದು ಓರೆ ಗೆರೆ,
ತೀರಿಹೋದವರಿಗೆ ಹಾಗೆ ಎಳೆಯುತ್ತಾರಂತೆ.

ಅದು ಹಮಾಲಿಯಿಂದ ಬಂದದ್ದು, ಎಂದೆ.
ಮೂಟೆ ಎಲುಬನ್ನು ಸವೆಸುತ್ತದೆ,
ಹೀಗೆ ಮೊಳಕೆ ಒಡೆಸುವುದಿಲ್ಲ, ಎಂದರು ಮೆಲ್ಲಗೆ.
ಹಾಗಾದರೆ ಇಂಡಿಯಿಂದ ರೈಲು ಹತ್ತಿದ ದಿನವೇ
ಅವನು ಅದನ್ನು ಹೊತ್ತು ತಂದಿದ್ದ,
ಟಿಕೆಟ್ಟಿಲ್ಲದೆ.

ಊರಿನ ಎರಡೆಕರೆ ಕಾಕಾಗಳ ಪಾಲಾಯಿತು.
ಅಪ್ಪನ ಗಂಟು ಅಂತ ನನಗೆ ಬಂದದ್ದು ಇದೊಂದೇ,
ಕೋರ್ಟಿಲ್ಲ, ವಾಟ್ನಿ ಪತ್ರವಿಲ್ಲ.

ಹಾಳೆಯ ಅಂಚಿನಲ್ಲಿ ತಂಗಿ ಕಸ್ತೂರಿ,
ವರ್ತುಳದೊಳಗೆ ಪ್ರಶ್ನೆಯ ಚಿಹ್ನೆ.
ಮಣಿಕಟ್ಟಿನ ಮೇಲೆ ಬಳೆ ಸ್ವಲ್ಪ ಹೆಚ್ಚೇ ಹಾಕುತ್ತಾಳೆ.
ಸೊಲ್ಲಾಪುರದ ಹುಡುಗ
ಮೂರು ಗಂಟು ಹಾಕಲು ಇನ್ನು ಹದಿನೆಂಟು ದಿನ.
ಅವಳಿಗೆ ಯಾರು ಹೇಳುತ್ತೀರಿ, ಎಂದು ಮೇಡಂ ಕೇಳಿದರು.
ನಾನು ಫ್ಯಾನು ನೋಡಿದೆ.

ಪ್ರತಿ ಮಗುವಿಗೂ ಅರ್ಧಕ್ಕರ್ಧ.
ನನ್ನ ಪರ್ಸಿನಲ್ಲಿ ಅಪ್ಪನ ಹಿತ್ತಾಳೆ ಬಿಲ್ಲೆ ಇದೆ:
ಒಂದು ಮೈಗೆ ನಂಬರು ೪೧೭, ಇನ್ನೊಂದು ಮೈ ನುಣುಪು.
ಆರೂಢನಿಗೆ ನಂಬರು ಬಿತ್ತು.
ಈಗ ಹನ್ನೊಂದು ವಾರದ್ದಕ್ಕೂ ಬಿಲ್ಲೆ ಆಗಲೇ ಬಿದ್ದಿದೆ,
ಮುಷ್ಟಿ ಮಾತ್ರ ತೆರೆದಿಲ್ಲ.
ತೆರೆಯಬಹುದು, ತೆರೆಯದೆಯೂ ಇರಬಹುದು,
ಯಾವುದಾದರೂ ನಾನು ನಿಮ್ಮ ಜೊತೆಗಿರುತ್ತೇನೆ, ಎಂದರು.
ಹೀಗೆ ಮಾಡಿ ಅನ್ನುವವರು ಜನ್ಮದಲ್ಲಿ ಬಹಳ ಸಿಕ್ಕಿದ್ದಾರೆ.
ಇವರು ಅನ್ನಲಿಲ್ಲ. ಅದಕ್ಕೇ ಭಯವಾಯಿತು.

ಏಳುವಾಗ ಒಂದು ಮಾತು ಎರಡು ಸಲ ಹೇಳಿದರು:
ಬೆಳೆಯುವ ವಯಸ್ಸು ಮುಗಿದ ಮೇಲೂ ಗಂಟು ಬೆಳೆದರೆ,
ರಾತ್ರಿ ನೋಯಿಸಿದರೆ, ಕಾಯಬೇಡಿ.
ಅಪರೂಪ. ಆದರೂ ಕಾಯಬೇಡಿ.

ಐವತ್ತೆರಡರಲ್ಲಿ ಅಪ್ಪನ ಸೊಂಟದ್ದು ತೆಂಗಿನಕಾಯಿಯಷ್ಟಾದಾಗ
ನಾವು ಅರಿಶಿನ ಬಿಸಿಮಾಡಿ ಹಚ್ಚಿದೆವು.
ಎಂಟು ತಿಂಗಳು.
ಆ ಹಾಳೆಯಲ್ಲಿ ಅದಕ್ಕೊಂದು ಗುರುತಿಲ್ಲ.

ಸ್ಲೋ ಲೋಕಲ್ಲಿನಲ್ಲಿ, ಹೆಂಗಸರ ಡಬ್ಬಿಯಲ್ಲಿ,
ಆರೂಢ ತನ್ನ ಕಾಲು ಮಡಚಿಕೊಂಡು
ಹಿಮ್ಮಡಿಯಿಂದ ಮೇಲಕ್ಕೆ ಬೆರಳಿಡುತ್ತಾನೆ.
ಇದು ಪರೇಲ, ಇದು ದಾದರ,
ಮಾಟುಂಗಾ ಸಣ್ಣದು, ಸಾಯನ್,
"ಕುರ್ಲಾದಾಗ ಗಾಡಿ ಬದಲಿ, ಹೌದಿಲ್ಲಬೇ?"
ಆಮೇಲೆ ಅವನ ಬೆರಳು
ನನ್ನ ಸೀರೆಯ ಮೇಲಿಂದಲೇ ಮೊಣಕಾಲು ಹುಡುಕಿ ನಿಂತಿತು.
"ನಿಂದು ಯಾವ ಸ್ಟೇಷನ್?"

ಎದುರಿನ ಮೀನಿನ ಬುಟ್ಟಿಯವಳು ನೋಡುತ್ತಿದ್ದಳು.
ಕೈ ಸರಿಸಲಿಲ್ಲ ನಾನು.
ವಾಶಿ, ಎಂದೆ.
ಖಾಡಿ ದಾಟಿದ ಮೇಲೆ ಬರುತ್ತೆ.